ಶಾರ್ಕ್ ಚರ್ಮ ತೊಟ್ಟ ವಿಮಾನ: ಶೇ. 1ರ ಉಳಿತಾಯಕ್ಕೆ ನಾಲ್ಕು ದಶಕದ ಕಾಯುವಿಕೆ

ಮೇಲ್ಮೈ ನುಣುಪಾದಷ್ಟೂ ಗಾಳಿಯ ಘರ್ಷಣೆ ಕಡಿಮೆ ಎಂಬುದು ಸಾಮಾನ್ಯ ನಂಬಿಕೆ. ಶಾರ್ಕ್ ಮೀನಿನ ಚರ್ಮ ಇದಕ್ಕೆ ಅಪವಾದ. ಅದರ ಮೈತುಂಬ ಹಲ್ಲಿನಂತಹ ಸೂಕ್ಷ್ಮ ಹುರುಪೆಗಳಿದ್ದು, ಅವುಗಳ ಮೇಲೆ ನೀರು ಹರಿಯುವ ದಿಕ್ಕಿಗೆ ಸಮಾನಾಂತರವಾದ ಏಣುಗಳಿವೆ.

ಇದನ್ನೇ ಅನುಕರಿಸಿ ಜರ್ಮನಿಯ ಲುಫ್ತಾನ್ಸ ಟೆಕ್ನಿಕ್ ಹಾಗೂ ಬಿಎಎಸ್‌ಎಫ್ ಸಂಸ್ಥೆಗಳು 'ಏರೋಶಾರ್ಕ್' ಎಂಬ ಹಾಳೆಯನ್ನು ರೂಪಿಸಿವೆ. 2022ರಲ್ಲಿ ಸ್ವಿಸ್ ಸಂಸ್ಥೆಯ ಬೋಯಿಂಗ್ 777 ಪ್ರಯಾಣಿಕ ವಿಮಾನದ ಸುಮಾರು 950 ಚದರ ಮೀಟರ್ ಮೈಗೆ ಇದನ್ನು ಅಂಟಿಸಲಾಯಿತು. ಏಣುಗಳ ಎತ್ತರ ಸುಮಾರು 50 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಇಂಧನದ ಉಳಿತಾಯ ಸುಮಾರು ಶೇ. 1.

ವೇಗವಾಗಿ ಸಾಗುವ ವಿಮಾನದ ಮೈಗೆ ತಾಗಿದ ಗಾಳಿಯ ಪದರದಲ್ಲಿ ಸಣ್ಣ ಸುಳಿಗಳೇಳುತ್ತವೆ. ಅವು ಮೇಲಿನ ವೇಗದ ಗಾಳಿಯನ್ನು ಮೈಗೆ ತಂದು ಅಪ್ಪಳಿಸುವುದರಿಂದ ಘರ್ಷಣೆ ಹೆಚ್ಚುತ್ತದೆ. ಏಣುಗಳು ಗಾಳಿಯ ಅಡ್ಡ ಚಲನೆಯನ್ನು ತಡೆದು, ಸುಳಿಗಳನ್ನು ಮೈಯಿಂದ ದೂರವಿರಿಸುತ್ತವೆ.

ಈ ತತ್ವ ಹೊಸತೇನಲ್ಲ. ಅಮೆರಿಕದ ನಾಸಾ ಸಂಸ್ಥೆಯ ಲ್ಯಾಂಗ್ಲಿ ಕೇಂದ್ರದಲ್ಲಿ 1980ರ ಆಸುಪಾಸಿನಲ್ಲೇ ಇದರ ಪ್ರಯೋಗಗಳು ನಡೆದಿದ್ದವು. 1987ರ ಅಮೆರಿಕಾಸ್ ಕಪ್ ಗೆದ್ದ ಹಾಯಿದೋಣಿಯ ತಳಕ್ಕೂ ಇಂಥ ಹಾಳೆ ಅಂಟಿಸಲಾಗಿತ್ತು. 1989ರಲ್ಲಿ ಏರ್‌ಬಸ್ ಎ320 ವಿಮಾನದಲ್ಲಿ ಪರೀಕ್ಷೆ ನಡೆಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ (ಎನ್‌ಎಎಲ್) ವಿಜ್ಞಾನಿ ಪಿ.ಆರ್. ವಿಶ್ವನಾಥ್ ಅವರು ಈ ಕುರಿತ ಸಂಶೋಧನೆಗಳನ್ನು ಸಮಗ್ರವಾಗಿ ಪರಾಮರ್ಶಿಸಿದ ಪ್ರಬಂಧ 2002ರಲ್ಲೇ ಪ್ರಕಟವಾಗಿದೆ.

ಹಾಗಿದ್ದರೆ ವಿಳಂಬವೇಕೆ? ತೊಡಕಿದ್ದುದು ನಿರ್ವಹಣೆಯಲ್ಲಿ. ಏಣುಗಳ ತುದಿ ಚೂಪಾಗಿಯೇ ಉಳಿಯಬೇಕು. ಧೂಳು, ಎಣ್ಣೆ, ಅತಿನೇರಳೆ ಕಿರಣ, ತೀವ್ರ ಉಷ್ಣ-ಶೀತ ಇವೆಲ್ಲವನ್ನೂ ಹಾಳೆ ವರ್ಷಗಟ್ಟಲೆ ತಾಳಿಕೊಳ್ಳಬೇಕು. ಏಣುಗಳು ಆಯಾ ಭಾಗದ ಗಾಳಿಯ ದಿಕ್ಕಿಗೆ ಹೊಂದಿರಬೇಕು. ಅಳತೆ ಮಿತಿಮೀರಿದರೆ ಘರ್ಷಣೆ ತಗ್ಗುವ ಬದಲು ಹೆಚ್ಚುತ್ತದೆ. ಹಾಳೆ ಅಂಟಿಸಲು ವಿಮಾನ ಹಲವು ದಿನ ನೆಲದಲ್ಲಿ ನಿಂತರೆ ಅದೂ ಖರ್ಚೇ.

ಶೇ. 1 ಎಂಬುದನ್ನು ಕಡೆಗಣಿಸುವಂತಿಲ್ಲ. ಸ್ವಿಸ್ ಸಂಸ್ಥೆಯ 12 ವಿಮಾನಗಳಿಂದ ವರ್ಷಕ್ಕೆ ಸುಮಾರು 4,800 ಟನ್ ಇಂಧನ ಉಳಿಯಲಿದೆ ಎಂಬುದು ಅಂದಾಜು. ಅಂದರೆ ಸುಮಾರು 15,200 ಟನ್ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರುವುದು ತಪ್ಪುತ್ತದೆ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. 2050ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಸದಸ್ಯ ರಾಷ್ಟ್ರಗಳು 2022ರಲ್ಲಿ ಸಮ್ಮತಿಸಿವೆ. ಇತ್ತ 2023ರಲ್ಲಿ ಭಾರತದ ಇಂಡಿಗೊ ಸಂಸ್ಥೆಯೊಂದೇ 500 ಹೊಸ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಹಾರಾಟ ಈ ಪರಿಯಲ್ಲಿ ಹೆಚ್ಚಿದರೆ ಶೇ. 1ರ ಉಳಿತಾಯ ಕರಗಲು ಹೆಚ್ಚು ಕಾಲ ಬೇಕಿಲ್ಲ. ಪರ್ಯಾಯ ಇಂಧನದಂತಹ ದುಬಾರಿ ನಿರ್ಧಾರಗಳನ್ನು ಮುಂದೂಡಲು ವಿಮಾನಯಾನ ಸಂಸ್ಥೆಗಳು ಶಾರ್ಕ್ ಚರ್ಮವನ್ನು ನೆಪವಾಗಿಸಿಕೊಳ್ಳದಂತೆ ಸರ್ಕಾರಗಳು ಎಚ್ಚರ ವಹಿಸಬೇಕಾಗಿದೆ.