ಉಪ್ಪು ಹಚ್ಚಿದರೆ ಒಂದು ಸಂಖ್ಯೆ, ಮೆಣಸು ಬಿದ್ದರೆ ಇನ್ನೊಂದು

ಬಕ್ರೀದ್ ಕಳೆದ ಮರುದಿನ ನಮ್ಮ ಅನೇಕ ಮನೆಗಳಲ್ಲಿ ಮಾಂಸವನ್ನು ಉದ್ದುದ್ದ ಸೀಳಿ ಹಗ್ಗಕ್ಕೆ ಹಾಕಿ ಒಣಗಿಸುವ ರೂಢಿಯಿದೆ. ಫ್ರಿಜ್ ಬಂದ ಮೇಲೆ ಕಡಿಮೆಯಾಗಿದೆ, ನಿಂತಿಲ್ಲ. ಕೆಲವರು ಬರೀ ಉಪ್ಪು ಹಚ್ಚುತ್ತಾರೆ. ಇನ್ನು ಕೆಲವರು ಉಪ್ಪಿನ ಜೊತೆ ಅರಿಶಿನ, ಮೆಣಸಿನ ಪುಡಿಯನ್ನೂ ಸವರುತ್ತಾರೆ. ಅಡುಗೆ ಮಾಡುವವರಿಗೆ ಇದು ರುಚಿಯ ವಿಷಯ ಮಾತ್ರ. ಆದರೆ ಇದೇ ಮಾಂಸ ಹಡಗು ಹತ್ತಿ ದೇಶದ ಗಡಿ ದಾಟುವುದಾದರೆ, ಕಸ್ಟಮ್ಸ್ ಅಧಿಕಾರಿಯ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಸರಕುಗಳು. ಸಂಖ್ಯೆ ಬೇರೆ, ಅನೇಕ ದೇಶಗಳಲ್ಲಿ ಸುಂಕವೂ ಬೇರೆ.

ಹೆಣ್ಣುಮಕ್ಕಳ ಪತ್ರಿಕೆಯಲ್ಲಿ ಕಸ್ಟಮ್ಸ್ ಮಾತೇಕೆ ಎನ್ನಬೇಡಿ. ಮಾಂಸದ ಉಪ್ಪಿನಕಾಯಿ, ಕಬಾಬ್, ಸಮೋಸಾ ಮಾಡಿ ಮಾರುವ ಸಹೋದರಿಯರು ಈಗ ಊರೂರಲ್ಲಿದ್ದಾರೆ. ಗಲ್ಫ್‌ನಲ್ಲಿರುವ ಬಂಧುಗಳು ರುಚಿ ನೋಡಿ, "ಇದನ್ನು ಇಲ್ಲಿಗೂ ಕಳಿಸಿ" ಎನ್ನುತ್ತಾರೆ. ಅಲ್ಲಿಂದ ಬರುವವರು ಡಬ್ಬಿಗಳಲ್ಲಿ ತುಂಬಿದ ಮಾಂಸ ತರುತ್ತಾರೆ. ಕಳಿಸುವವರಿಗೂ ತಿನ್ನುವವರಿಗೂ ಈ ಸಂಖ್ಯೆಗಳ ವಿಷಯ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಜಗತ್ತಿನ ವ್ಯಾಪಾರದ ಸರಕುಗಳಿಗೆಲ್ಲ ಸಂಖ್ಯೆ ಕೊಡುವ ಒಂದು ಪಟ್ಟಿಯಿದೆ. ಹಾರ್ಮೊನೈಸ್ಡ್ ಸಿಸ್ಟಮ್, ಚಿಕ್ಕದಾಗಿ ಎಚ್‌ಎಸ್ ಎಂದು ಅದರ ಹೆಸರು. 1983ರಲ್ಲಿ ಬ್ರಸೆಲ್ಸ್‌ನಲ್ಲಿ ಒಪ್ಪಂದವಾಗಿ 1988ರ ಜನವರಿ 1ರಿಂದ ಜಾರಿಗೆ ಬಂತು. ಮೊದಲ ಆರು ಅಂಕಿಗಳು ಎಲ್ಲ ದೇಶಗಳಿಗೂ ಒಂದೇ. ನಮ್ಮ ದೇಶ ಅದಕ್ಕೆ ಇನ್ನೆರಡು ಸೇರಿಸಿ ಎಂಟು ಅಂಕಿ ಬಳಸುತ್ತದೆ.

ಮಾಂಸ ಈ ಪಟ್ಟಿಯಲ್ಲಿ ಮುಖ್ಯವಾಗಿ ಎರಡು ಮನೆಗಳಲ್ಲಿ ವಾಸಿಸುತ್ತದೆ. ತಾಜಾ ಮಾಂಸ, ತಂಪು ಮಾಡಿದ್ದು, ಹೆಪ್ಪುಗಟ್ಟಿಸಿದ್ದು, ಉಪ್ಪು ಹಾಕಿದ್ದು, ಉಪ್ಪುನೀರಿನಲ್ಲಿಟ್ಟದ್ದು, ಒಣಗಿಸಿದ್ದು, ಹೊಗೆ ಹಿಡಿಸಿದ್ದು ಎಲ್ಲ 2ನೇ ಅಧ್ಯಾಯ. ಅದರಲ್ಲಿ ಉಪ್ಪಿನ, ಒಣಗಿದ, ಹೊಗೆಯ ಮಾಂಸಕ್ಕೆ 0210 ಎಂಬ ಶೀರ್ಷಿಕೆ. ಇದನ್ನು ದಾಟಿ ಬೇಯಿಸಿದರೆ, ಹುರಿದರೆ, ಮಸಾಲೆ ಹಾಕಿದರೆ ಅದು 16ನೇ ಅಧ್ಯಾಯಕ್ಕೆ ಹೋಗುತ್ತದೆ. ಪಟ್ಟಿಯ ಅಧಿಕೃತ ವಿವರಣೆಯಲ್ಲಿ ಉಪ್ಪು ಮತ್ತು ಮೆಣಸು ಎರಡೂ ಬಿದ್ದ ಮಾಂಸವನ್ನು ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ಹಸಿ ಕೋಳಿಗೆ ಬರೀ ಬ್ರೆಡ್ ಪುಡಿ ಹಚ್ಚಿ ಹೆಪ್ಪುಗಟ್ಟಿಸಿದರೂ ಅದು 16ನೇ ಅಧ್ಯಾಯದ್ದೇ. ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಮಾತ್ರ ಬೇಯಿಸಿದಂತಾಗದು, 2ರಲ್ಲೇ ಉಳಿಯುತ್ತದೆ. ಈ ನಿಯಮ ಬರೆದವರ ಹಿಂದೆ ಯಾರೋ ಅಡುಗೆ ಬಲ್ಲವರು ಕುಳಿತಿದ್ದರೇನೋ ಎನಿಸುತ್ತದೆ!

ಬಿರಿಯಾನಿಯ ಗತಿಯೇನು? ಅದು ಅನ್ನವೇ, ಮಾಂಸವೇ? ಇದಕ್ಕೂ ಅಳತೆಯಿದೆ. ತಿಂಡಿಯ ಒಟ್ಟು ತೂಕದಲ್ಲಿ ಮಾಂಸ ಶೇ. 20ಕ್ಕಿಂತ ಹೆಚ್ಚಿದ್ದರೆ ಅದು 16ನೇ ಅಧ್ಯಾಯದ ಮಾಂಸದ ತಯಾರಿಕೆ. ಅದಕ್ಕಿಂತ ಕಡಿಮೆಯಿದ್ದರೆ ಬಿರಿಯಾನಿಯ ಪೊಟ್ಟಣ ಧಾನ್ಯದ ತಿನಿಸುಗಳ 19ನೇ ಅಧ್ಯಾಯಕ್ಕೆ ಸೇರುತ್ತದೆ. ಖೀಮಾ ಸಮೋಸಾಕ್ಕೂ ಇದೇ ಲೆಕ್ಕ. ಇಲ್ಲಿ ಗಮನಿಸಬೇಕಾದ್ದು, ತೂಗುವುದು ಗಡಿಗೆ ಬಂದಾಗ ತಿಂಡಿಯಲ್ಲಿರುವ ಮಾಂಸವನ್ನು; ಒಲೆಗೆ ಹಾಕುವ ಮುಂಚಿನ ಹಸಿ ಮಾಂಸವನ್ನಲ್ಲ. ಬೆಂದ ಮೇಲೆ ಒಂದು ಕಿಲೋ ಎಷ್ಟಕ್ಕಿಳಿಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ದೇಶಗಳು ಜಗಳವಾಡುತ್ತವೆಯೇ ಎಂದರೆ, ಆಡಿವೆ. ಬ್ರೆಜಿಲ್ ಮತ್ತು ಥಾಯ್ಲೆಂಡ್ ಯುರೋಪಿಗೆ ಮೂಳೆ ತೆಗೆದ ಕೋಳಿಮಾಂಸ ಕಳಿಸುತ್ತಿದ್ದವು. ಅದಕ್ಕೆ ಶೇ. 1.2ರಿಂದ 3ರಷ್ಟು ಉಪ್ಪು ಸೇರಿಸಿ ಹೆಪ್ಪುಗಟ್ಟಿಸಿರುತ್ತಿದ್ದರು. ಉಪ್ಪಿನ ಮಾಂಸವೆಂದರೆ ಬೆಲೆಯ ಶೇ. 15.4 ಸುಂಕ. ಬರೀ ಹೆಪ್ಪುಗಟ್ಟಿಸಿದ ಕೋಳಿಯೆಂದರೆ 100 ಕಿಲೋಗೆ 102.4 ಯೂರೋ, ಅಂದರೆ ಹೆಚ್ಚುಕಡಿಮೆ ಬಾಗಿಲು ಮುಚ್ಚಿದಂತೆ. ಕೆಲವು ವರ್ಷ ಯುರೋಪಿನವರು ಉಪ್ಪಿನ ಮಾಂಸವೆಂದೇ ಒಳಗೆ ಬಿಟ್ಟರು. 2002ರಲ್ಲಿ ಮಾತು ಬದಲಿಸಿದರು. ಉಪ್ಪು ಹಾಕಿದ್ದೆನ್ನಬೇಕಾದರೆ ಬಹುಕಾಲ ಕೆಡದಂತೆ ಹಾಕಿರಬೇಕು, ನಿಮ್ಮದು ಕೆಡದಿರುವುದು ಹೆಪ್ಪಿನಿಂದ, ಉಪ್ಪಿನಿಂದಲ್ಲ ಎಂದರು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದಾವೆ ನಡೆಯಿತು. 2005ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಮಂಡಳಿ, ಕೆಡದಂತಿಡುವ ಉದ್ದೇಶವಿರಲೇಬೇಕೆಂದು ಆ ಶೀರ್ಷಿಕೆ ಹೇಳುವುದಿಲ್ಲ ಎಂದು ತೀರ್ಪು ಕೊಟ್ಟಿತು. ಯುರೋಪ್ ಸೋತಿತು. ಆದರೆ ಸುಮ್ಮನಾಗಲಿಲ್ಲ. 2007ರಲ್ಲಿ ಆ ದೇಶಗಳೊಡನೆ ಮಾತಾಡಿ, ಕಡಿಮೆ ಸುಂಕದಲ್ಲಿ ವರ್ಷಕ್ಕೆ ಇಷ್ಟೇ ಟನ್ ಎಂಬ ಮಿತಿ ತಂದಿತು. ಬಲವುಳ್ಳವರು ತೀರ್ಪನ್ನು ಪಾಲಿಸುವ ರೀತಿ ಇದು. ಗಲ್ಫ್‌ನಲ್ಲಿರುವ ನಮ್ಮವರ ಫ್ರೀಜರ್‌ನಲ್ಲಿ ಸಿಗುವುದೂ ಹೆಚ್ಚಾಗಿ ಬ್ರೆಜಿಲ್‌ನ ಕೋಳಿಯೇ.

ಈಗ ನಮಗೆ ಮುಖ್ಯವಾದ ಮಾತು. ಈ ಸಂಖ್ಯೆ ಮಾಂಸಕ್ಕೆ ಏನು ಮಾಡಿದ್ದಾರೆಂದು ಹೇಳುತ್ತದೆ. ಯಾವ ಪ್ರಾಣಿಯದೆಂದು ಕೆಲವೊಮ್ಮೆ ಹೇಳುತ್ತದೆ: 1602.32 ಕೋಳಿ, 1602.50 ದನ-ಎಮ್ಮೆ ಜಾತಿ, 1602.41ರಿಂದ 49 ಹಂದಿ. ಆದರೆ 1601, ಅಂದರೆ ಸಾಸೇಜ್, ಯಾವ ಪ್ರಾಣಿಯದಾದರೂ ಆರು ಅಂಕಿ ಒಂದೇ. 1602.20 ಎಂದರೆ ಯಾವುದೇ ಪ್ರಾಣಿಯ ಯಕೃತ್ತು. ಕುರಿಮಾಂಸದ ಡಬ್ಬಿ ಬರುವ 1602.90ರಲ್ಲೇ ಯಾವುದೇ ಪ್ರಾಣಿಯ ರಕ್ತದ ತಿನಿಸುಗಳೂ ಕುಳಿತಿವೆ. 2022ರ ಪರಿಷ್ಕರಣೆಯಲ್ಲಿ 16ನೇ ಅಧ್ಯಾಯಕ್ಕೆ ಕೀಟಗಳೂ ಬಂದವು. ಝಬಹ್ ಆಗಿದೆಯೇ ಇಲ್ಲವೇ ಎಂಬುದಕ್ಕಂತೂ ಇಡೀ ಪಟ್ಟಿಯಲ್ಲಿ ಜಾಗವೇ ಇಲ್ಲ. ಅದು ಪಟ್ಟಿಯ ತಪ್ಪಲ್ಲ, ಅದನ್ನು ಮಾಡಿರುವುದು ಸುಂಕಕ್ಕಾಗಿ ಮತ್ತು ಲೆಕ್ಕಕ್ಕಾಗಿ. ಆದ್ದರಿಂದ "ಕಸ್ಟಮ್ಸ್‌ನಲ್ಲಿ ಪಾಸಾಗಿ ಬಂದಿದೆ, ತಿನ್ನಬಹುದು" ಎನ್ನುವವರ ಮಾತಿಗೆ ಅರ್ಥವಿಲ್ಲ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನೂ, ಹಲಾಲ್ ಪ್ರಮಾಣಪತ್ರ ಕೊಟ್ಟವರು ಯಾರೆಂಬುದನ್ನೂ ನಾವೇ ಓದಬೇಕು. ನಮ್ಮ ದೇಶದಿಂದ ಹಲಾಲ್ ಎಂದು ದೃಢೀಕರಿಸಿ ಮಾಂಸ ಕಳಿಸಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ 2023ರಲ್ಲಿ ಮಾರ್ಗಸೂಚಿ ಹೊರಡಿಸಿತು. ಭಾರತೀಯ ಗುಣಮಟ್ಟ ಮಂಡಳಿಯ ಅಡಿಯಲ್ಲಿ ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರವಿರುವ ಘಟಕದಲ್ಲಿ ಅದು ತಯಾರಾಗಿರಬೇಕು ಎನ್ನುತ್ತದೆ ಅದು.

ಇದೇ ಪಟ್ಟಿ ಇನ್ನೊಂದು ಗೊಂದಲಕ್ಕೂ ಕಾರಣ. ದನ ಮತ್ತು ಎಮ್ಮೆಗೆ ಅದರಲ್ಲಿ ಒಂದೇ ಗುಂಪು. ಹಾಗಾಗಿ ಜಾಗತಿಕ ಅಂಕಿಅಂಶಗಳಲ್ಲಿ ಭಾರತ "ಬೀಫ್" ರಫ್ತಿನ ದೊಡ್ಡ ದೇಶವೆಂದು ಕಾಣುತ್ತದೆ, ಪತ್ರಿಕೆಗಳು ಹಾಗೆಯೇ ಬರೆಯುತ್ತವೆ. ಆದರೆ ನಮ್ಮ ರಫ್ತು ನೀತಿಯಲ್ಲಿ ಹಸು, ಎತ್ತು, ಕರುವಿನ ಮಾಂಸಕ್ಕೆ ನಿಷೇಧವಿದೆ. ಹೊರಗೆ ಹೋಗುವುದು ಮೂಳೆ ತೆಗೆದ ಎಮ್ಮೆಯ ಮಾಂಸ. ಒಂದು ಸಂಖ್ಯೆಯನ್ನು ಸರಿಯಾಗಿ ಓದದೆ ಎಷ್ಟು ಮಾತು ಬೆಳೆಯಿತೆಂದು ನಿಮಗೆ ಗೊತ್ತು.

ಇನ್ನು ಮಾಂಸದ ಉಪ್ಪಿನಕಾಯಿ ಮಾಡುವ ಸಹೋದರಿಯರಿಗೆ. ಹೆಸರಿನಲ್ಲಿ ಉಪ್ಪಿನಕಾಯಿ ಇದೆಯೆಂದು ಕಾಗದದಲ್ಲಿ ಹಾಗೆಯೇ ಬರೆದು ಕಳಿಸುವಂತೆ ಸಲಹೆ ಕೊಡುವ ಮಧ್ಯವರ್ತಿಗಳಿದ್ದಾರೆ. ಕೇಳಬೇಡಿ. ಮಾವು, ನಿಂಬೆಯದು ತರಕಾರಿ-ಹಣ್ಣುಗಳ 20ನೇ ಅಧ್ಯಾಯ. ಮಾಂಸ ಶೇ. 20 ದಾಟಿದ ನಿಮ್ಮ ಬಾಟಲಿ 1602. ಅದಕ್ಕೆ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು, ಎಪೆಡಾದಲ್ಲಿ ನೋಂದಾಯಿತವಾದ ಘಟಕ ಬೇಕು. ಮನೆಯ ಅಡುಗೆಕೋಣೆಯಿಂದ ನೇರವಾಗಿ ಹೋಗುವ ಸರಕಲ್ಲ ಅದು. ಸುಳ್ಳು ಬರೆದು ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯಡಿ ಸರಕು ಮುಟ್ಟುಗೋಲಾಗುತ್ತದೆ, ದಂಡ ಬೀಳುತ್ತದೆ. ಆಗ ಮಧ್ಯವರ್ತಿ ಫೋನ್ ಎತ್ತುವುದಿಲ್ಲ. ಹತ್ತಿರದ ನೋಂದಾಯಿತ ಘಟಕವೊಂದು ನಿಮ್ಮ ಪಾಕದಂತೆ ತಯಾರಿಸಿ ಕೊಡುವುದೇ ಎಂದು ಮೊದಲು ವಿಚಾರಿಸಿ.

ಯುರೋಪ್ ಒಕ್ಕೂಟದ ದೇಶಗಳಿಗೆ ಓದಲು ಹೋಗುವ ಮಕ್ಕಳ ಸೂಟ್‌ಕೇಸಿನಲ್ಲಿ ಮಾಂಸದ ಯಾವ ತಿಂಡಿಯನ್ನೂ ಇಡಬೇಡಿ, ಒಂದು ಸಣ್ಣ ಬಾಟಲಿಯನ್ನೂ. ಸ್ವಂತಕ್ಕೆಂದರೂ ಅಲ್ಲಿ ಬಿಡುವುದಿಲ್ಲ. ಹೊರಗಿನಿಂದ ಡಬ್ಬಿ ಮಾಂಸ ತರಿಸಿ ಇಲ್ಲಿ ಮಾರುವ ಯೋಚನೆಯಿದ್ದರೆ, ಸರಕು ಹಡಗು ಹತ್ತುವ ಮೊದಲೇ ಕೇಂದ್ರದ ಪಶುಸಂಗೋಪನಾ ಇಲಾಖೆಯಿಂದ ನೈರ್ಮಲ್ಯ ಆಮದು ಪರವಾನಗಿ ಪಡೆದಿರಬೇಕು.