ಬೇಸಿನ್ನಿನ ಬಿರುಕು, ವಿಜ್ಞಾನದ ತಾಸು

ಮೊದಲು ನಿಮ್ಮ ಶಾಲೆಯ ಕೈತೊಳೆಯುವ ಬೇಸಿನ್ನನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಈ ಬರಹ ಆಮೇಲೆ ಓದಿದರೂ ನಡೆದೀತು.

ಜತ್ ತಾಲೂಕಿನ ನಮ್ಮ ಶಾಲೆಯಲ್ಲಿ ಹುಡುಗಿಯರ ಶೌಚಾಲಯದ ಹೊರಗಿನ ಬೇಸಿನ್ನು ಒಂದು ವರ್ಷಕ್ಕೂ ಹೆಚ್ಚು ಬಂದ್ ಇತ್ತು. ಕಾರಣ, ಗೇಣುದ್ದದ ಒಂದು ಬಿರುಕು. ಯಾರದೋ ಕೈಯಿಂದ ಕಬ್ಬಿಣದ ಬಕೆಟ್ ಜಾರಿ ಬಿದ್ದು ಆದದ್ದು. ನೀರು ಜಿನುಗಿ ನೆಲವೆಲ್ಲ ರಾಡಿಯಾಗುತ್ತದೆ ಅಂತ ನಳಕ್ಕೆ ತಂತಿ ಸುತ್ತಿಬಿಟ್ಟೆವು. ಹೊಸ ಬೇಸಿನ್ನಿಗೆ ಅರ್ಜಿ ಹೋಯಿತು, ಉತ್ತರ ಬರಲಿಲ್ಲ. ಕೈ ತೊಳೆಯಬೇಕಾದರೆ ಹುಡುಗಿಯರು ಮೈದಾನದ ಆಚೆ ಟಾಕಿಯವರೆಗೆ ನಡೆಯಬೇಕು. ಹತ್ತು ನಿಮಿಷದ ಬಿಡುವಿನಲ್ಲಿ ಯಾರು ಹೋಗುತ್ತಾರೆ ಹೇಳಿ? ಹಾಗೆಯೇ ಬಂದು ಡಬ್ಬಿ ಬಿಚ್ಚುತ್ತಿದ್ದರು. ಅದೇ ವರ್ಷ ನಾನು ಸೂಕ್ಷ್ಮಜೀವಿಗಳ ಪಾಠ ಮಾಡಿ, 'ಕೈ ತೊಳೆಯುವುದರ ಮಹತ್ವ'ದ ಮೇಲೆ ಪ್ರಶ್ನೆ ಕೇಳಿ, ಅಂಕ ಕೊಟ್ಟೆ. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ರಸಾಯನಶಾಸ್ತ್ರ ಓದಿದವಳು ಆ ಬಿರುಕಿನ ಮುಂದೆ ದಿನಕ್ಕೆ ನಾಲ್ಕು ಸಲ ಹಾದು ಹೋಗುತ್ತಿದ್ದೆ.

ಇಂಥ ಸಣ್ಣ ದುರಸ್ತಿ ನಮ್ಮ ಕೆಲಸವೇ ಅಂತ ಈಗ ನನ್ನ ಅಭಿಪ್ರಾಯ. ಪ್ಲಂಬರ್‌ನ ಕೂಲಿ ಉಳಿಸಲು ಅಲ್ಲ. ಯಾವುದನ್ನು ಸರಿಮಾಡಬಹುದು, ಯಾವುದನ್ನು ಮುಟ್ಟಲೇಬಾರದು ಅಂತ ತಿಳಿಯುವುದಕ್ಕೆ ಬೇಕಾದ ವಿಜ್ಞಾನವೆಲ್ಲ ನಮ್ಮ ಪಾಠಗಳಲ್ಲಿಯೇ ಇದೆ, ಅದಕ್ಕೆ.

ಬೇಸಿನ್ನಿನ ಮೇಲೆ ಗೀರು ಅಂತ ನಾವು ಕರೆಯುವುದರಲ್ಲಿ ಬಹಳಷ್ಟು ಗೀರೇ ಅಲ್ಲ. ಬಿಳಿ ಪಿಂಗಾಣಿಯ ಮೇಲಿರುವುದು ಗಾಜಿನಂಥ ತೆಳು ಮೆರುಗು. ಮೋಸ್ ಕಾಠಿಣ್ಯ ಮಾಪಕದಲ್ಲಿ ಅದು ಸುಮಾರು 5ರಿಂದ 6. ಉಕ್ಕಿನ ಚಮಚವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಚಮಚ ಉಜ್ಜಿದಾಗ ಪಿಂಗಾಣಿ ಸವೆಯುವ ಬದಲು ಅನೇಕ ಸಲ ಲೋಹವೇ ಅದರ ಮೇಲೆ ಅಂಟಿ ಬೂದು ಗೆರೆಯಾಗಿ ಉಳಿಯುತ್ತದೆ. ಒಡೆದ ಟೈಲ್ಸಿನ ಚೂರಿನ ಮೇಲೆ ರೂಪಾಯಿ ನಾಣ್ಯದಿಂದ ಗೆರೆ ಎಳೆಸಿ ನೋಡಿ. ಅದಕ್ಕೆ ಹಲ್ಲಿನ ಪೇಸ್ಟ್ ಹಚ್ಚಿ ಒದ್ದೆ ಬಟ್ಟೆಯಿಂದ ಉಜ್ಜಿದರೆ ಗೆರೆ ಹೋಗುತ್ತದೆ. ಸುಣ್ಣದ ಕಾರ್ಬೊನೇಟಿನ ಕಾಠಿಣ್ಯ 3. ಅಂಥ ಮೆತ್ತನೆಯ ಪುಡಿ ಇರುವ ಪೇಸ್ಟು ಲೋಹದ ಕರೆಯನ್ನು ತೆಗೆದೀತು, ಮೆರುಗನ್ನು ಕೆರೆಯದು. ಆದರೆ ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವ ಉಸುಕಿನಲ್ಲಿ ಕ್ವಾರ್ಟ್ಜ್ ಇದೆ, ಅದರದು 7. ಅದು ಬೇಸಿನ್ನಿಗೆ ಬಿದ್ದರೆ ಆಗುವುದು ನಿಜವಾದ ಗೀರು. ಆ ಗೀರಿನಲ್ಲಿ ಕೊಳೆ ಕೂಡುತ್ತದೆ, ಕೊಳೆ ಕಂಡಿತು ಅಂತ ಇನ್ನಷ್ಟು ಉಸುಕು ಹಾಕುತ್ತೇವೆ.

ನಳದ ಕೆಳಗಿನ ಬಿಳಿ-ಹಳದಿ ಕರೆ ನಮ್ಮ ಬೋರ್‌ನೀರಿನ ಗಡಸುತನ. ಅದಕ್ಕೆ ಕಿರಾಣಿ ಅಂಗಡಿಯ ಲಿಂಬೂ ಸತ್ವ, ಅಂದರೆ ಸಿಟ್ರಿಕ್ ಆಮ್ಲ ಸಾಕು. ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಅದ್ದಿ, ಅರ್ಧ ತಾಸು ಹೊದಿಸಿಟ್ಟರೆ ನೊರೆ ಬಂದು ಕರೆ ಸಡಿಲಾಗುತ್ತದೆ. ಬಾಟಲಿಯಲ್ಲಿ ಮಾರುವ ಆ್ಯಸಿಡ್ ಬೇಡ. ಅದು ಹೈಡ್ರೋಕ್ಲೋರಿಕ್ ಆಮ್ಲ. ಪಿಂಗಾಣಿಗೆ ಹೆಚ್ಚು ಕೇಡು ಮಾಡದಿದ್ದರೂ ಟೈಲ್ಸಿನ ಸಂದಿನ ಸಿಮೆಂಟನ್ನು ತಿನ್ನುತ್ತದೆ, ನಳದ ಕ್ರೋಮ್ ಹೊಳಪನ್ನು ತಿನ್ನುತ್ತದೆ. ಅದಕ್ಕೆ ಬ್ಲೀಚಿಂಗ್ ಪುಡಿ ಕೂಡಿತೋ, ಕ್ಲೋರಿನ್ ಅನಿಲ. ಬಾಗಿಲು ಹಾಕಿಕೊಂಡು ಸಣ್ಣ ಶೌಚಾಲಯ ತೊಳೆಯುವವರ ಗತಿ ಏನಾದೀತು, ಯೋಚಿಸಿ. ಇದೊಂದನ್ನಾದರೂ ಮಕ್ಕಳ ಮೂಲಕ ಪ್ರತಿ ಮನೆಗೆ ಮುಟ್ಟಿಸಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನು ಬಿರುಕು. ನಾನು ಮೊದಲು ಮಾಡಿದ್ದು ತಪ್ಪು. ಬಿಳಿ ಸಿಮೆಂಟ್ ಕಲಸಿ ಮೆತ್ತಿದೆ, ಎಂಟು ದಿನದಲ್ಲಿ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಸಿಮೆಂಟಿಗೆ ಹಿಡಿದುಕೊಳ್ಳಲು ಒರಟು ಮೈ ಬೇಕು, ಗಾಜಿನಂಥ ಮೆರುಗಿನಲ್ಲಿ ಅದೆಲ್ಲಿ? ಎರಡನೆಯ ಸಲ ಒಂಬತ್ತನೆಯವರನ್ನು ಕರೆದುಕೊಂಡು ಹೋದೆ. ಬೆರಳ ಗೆಣ್ಣಿನಿಂದ ತಟ್ಟಿದೆವು. ಗಟ್ಟಿ ಇದ್ದಲ್ಲಿ ಠಣ್, ಬಿರುಕಿನ ಹತ್ತಿರ ಮಂಕು ಸದ್ದು. ಒಣಗಿದ ಬೇಸಿನ್ನಿಗೆ ನೀಲಿ ಇಂಕು ಸವರಿ (ನಮ್ಮದು ವರ್ಷದಿಂದ ಒಣಗಿಯೇ ಇತ್ತು ಬಿಡಿ!), ಸ್ವಲ್ಪ ಹೊತ್ತು ಬಿಟ್ಟು ಒರೆಸಿದೆವು. ಕೇಶಾಕರ್ಷಣೆಯಿಂದ ಇಂಕು ಸೀಳಿನೊಳಗೆ ಇಳಿದು, ಕಣ್ಣಿಗೆ ಕಾಣದಿದ್ದ ತುದಿಯೂ ಎದ್ದು ಕಂಡಿತು. ಕಾರ್ಖಾನೆಗಳಲ್ಲಿ ಲೋಹದ ಬಿರುಕು ಹುಡುಕುವುದೂ ಹೀಗೆಯೇ. ಬಿರುಕು ಗೋಡೆಯ ಬ್ರಾಕೆಟ್ಟಿನವರೆಗೆ ಹೋಗಿರಲಿಲ್ಲ. ಹೋಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ.

ಆಮೇಲೆ ಬಿರುಕಿನ ಎರಡೂ ಬದಿ ನಯವಾದ ಪಾಲಿಶ್ ಪೇಪರ್‌ನಿಂದ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಸಮ ಪ್ರಮಾಣದಲ್ಲಿ ಬೆರೆಸಿ ಸೀಳಿಗೆ ತುಂಬಿದೆವು. ತಳದ ಕಡೆಯಿಂದ ಎಂ-ಸೀಲ್ ಒತ್ತಿದೆವು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ಮಾಡಬೇಕು, ಗಟ್ಟಿಕಾರಕ ಚರ್ಮಕ್ಕೆ ಒಳ್ಳೆಯದಲ್ಲ. ಬೆರೆಸುವಾಗ ಅಂಟು ಬೆಚ್ಚಗಾದದ್ದನ್ನು ಮಕ್ಕಳೇ ಗಮನಿಸಿದರು. ಉಷ್ಣಬಹಿರ್ಗಾಮಿ ಕ್ರಿಯೆ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ, ಆ ದಿನ ಬರೆಯಬೇಕಾಗಲಿಲ್ಲ. ಒಂದು ದಿನ ಪೂರ್ತಿ ನೀರು ಬಿಡಬಾರದು, ಅಷ್ಟೇ ನಿಯಮ.

ಆದರೆ ಕಮೋಡಿಗೆ ಬಿರುಕು ಬಿದ್ದರೆ? ಅಂಟಿಸಬೇಡಿ, ಬದಲಿಸಿ. ಪಿಂಗಾಣಿ ಒತ್ತುವ ಭಾರ ತಾಳುತ್ತದೆ, ಎಳೆತ ತಾಳುವುದಿಲ್ಲ. ಬಿರುಕಿನ ಚೂಪು ತುದಿಯಲ್ಲಿ ಬಲವೆಲ್ಲ ಒಟ್ಟುಗೂಡುತ್ತದೆ. ಗಾಜು ಯಾಕೆ ಲೆಕ್ಕಕ್ಕಿಂತ ಬೇಗ ಒಡೆಯುತ್ತದೆ ಅಂತ ಗ್ರಿಫಿತ್ 1921ರಲ್ಲಿ ವಿವರಿಸಿದ್ದೂ ಇಂಥ ಬಿರುಕುಗಳಿಂದಲೇ. ಮನುಷ್ಯ ಕೂತಾಗ ಅದು ಒಡೆದರೆ ಚೂರುಗಳು ಚೂರಿಯಂತೆ ಕೊಯ್ಯುತ್ತವೆ. ಇಲ್ಲಿ ಕಂಜೂಸಿ ನಡೆಯದು. ಅರ್ಜಿ ಬರೆಯಿರಿ, ಬೆನ್ನು ಹತ್ತಿರಿ, ಅಲ್ಲಿಯವರೆಗೆ ಬಾಗಿಲಿಗೆ ಕೀಲಿ ಹಾಕಿರಿ.

ಕೆಲಸ ಮುಗಿದ ಮರುದಿನ ಒಬ್ಬ ಹುಡುಗಿಯ ತಂದೆ ಶಾಲೆಗೆ ಬಂದರು. "ಅಕ್ಕೋರ, ನನ್ನ ಮಗಳ ಕೈಲೆ ಸಂಡಾಸದ ಕೆಲಸ ಮಾಡಸ್ತೀರೇನ್ರಿ?" ಅಂದರು. ಸಿಟ್ಟು ಬರಲಿಲ್ಲ, ಯಾಕೆಂದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಶಾಲೆಗಳಲ್ಲಿ ಪೊರಕೆ ಯಾವ ಓಣಿಯ ಮಕ್ಕಳ ಕೈಗೆ ಹೋಗುತ್ತಿತ್ತು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಅವರನ್ನು ಬೇಸಿನ್ನಿನ ಹತ್ತಿರ ಕರೆದುಕೊಂಡು ಹೋದೆ. ಮಕ್ಕಳು ಮುಟ್ಟಿದ್ದು ಕೈತೊಳೆಯುವ ಬೇಸಿನ್ ಮಾತ್ರ, ಶೌಚಾಲಯದ ಒಳಗೆ ಯಾರೂ ಹೋಗಿಲ್ಲ, ಹಾಜರಿ ಸಂಖ್ಯೆಯ ಪ್ರಕಾರ ಹುಡುಗರು-ಹುಡುಗಿಯರು ಎಲ್ಲರ ಪಾಳಿಯೂ ಬಂದಿದೆ, ಮೊದಲ ಪಾಳಿ ನನ್ನದು ಅಂತ ಹೇಳಿದೆ. ಅವರು ಗೌಂಡಿ ಕೆಲಸದವರು. ಬಗ್ಗಿ ತಳ ನೋಡಿ, "ಇಲ್ಲಿ ಇನ್ನೊಂದೀಟು ಒತ್ತಬೇಕಿತ್ತರಿ" ಅಂತ ಬೆರಳಿಟ್ಟು ತೋರಿಸಿದರು. ಮಾರನೆಯ ದಿನ ನಾವೇ ಒತ್ತಿದೆವು. ನೀವೂ ಈ ಪಾಠ ಮಾಡುವುದಾದರೆ ಪಾಳಿಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಮೊದಲೇ ಗೋಡೆಗೆ ಹಚ್ಚಿರಿ. ನಾನು ಹಚ್ಚಿರಲಿಲ್ಲ.

ನೀಲಿ ಗೆರೆ ಇನ್ನೂ ಹೋಗಿಲ್ಲ, ನಕಾಶೆಯ ಮೇಲಿನ ನದಿಯ ಹಾಗೆ ಕಾಣುತ್ತದೆ. ಅದರ ಎರಡೂ ತುದಿಗೆ ಮಕ್ಕಳು ಅಳಿಸದ ಪೆನ್ನಿನಿಂದ ಗುರುತು ಹಾಕಿ ತಾರೀಖು ಬರೆದಿದ್ದಾರೆ. ಪ್ರತಿ ತಿಂಗಳ ಮೊದಲ ಶನಿವಾರ ಅಳತೆಪಟ್ಟಿ ಇಟ್ಟು ನೋಡುತ್ತೇವೆ. ಗುರುತು ದಾಟಿದ ದಿನ ಬೇಸಿನ್ ಇಳಿಸುವುದು ಅಂತ ಎಲ್ಲರೂ ಕೂಡಿ ಠರಾವು ಮಾಡಿದ್ದೇವೆ. ಇವತ್ತಿನವರೆಗೆ ದಾಟಿಲ್ಲ.