ಚಿಪ್ಪು ನಮ್ಮದು, ಹೊಗೆಯೂ ನಮ್ಮದು!

ಚಳಿ ಶುರುವಾಯಿತು ಅಂದರೆ ಸಾಕು, ಬೆಂಗಳೂರಿನಲ್ಲಿರುವ ನಮಗೆಲ್ಲ ಊರಲ್ಲಿರುವ ಅಪ್ಪ ಅಮ್ಮನ ಶ್ವಾಸಕೋಶ ನೆನಪಾಗುತ್ತೆ. ಯಾವ ಏರ್ ಪ್ಯೂರಿಫೈಯರ್ ಒಳ್ಳೇದು, ಯಾವುದಕ್ಕೆ ಎಷ್ಟು ರಿಯಾಯ್ತಿ, ಊರಿಗೆ ಕಳಿಸೋದು ಹೇಗೆ... ಬ್ಲಾಗ್ ಮಿತ್ರರಲ್ಲೂ ಈಗ ಇದೇ ಮಾತು. ನಾನು ಇದನ್ನು ವಿರೋಧಿಸಿ ಬರೆಯುತ್ತಿದ್ದೇನೆ. ನೀವು ಬೈಯುವ ಮೊದಲೇ ಒಪ್ಪಿಕೊಂಡುಬಿಡ್ತೀನಿ, ಈ ಕೆಲಸವನ್ನು ನಿಮಗಿಂತ ಮುಂಚೆ ಮಾಡಿದವನು ನಾನೇ :)

ನಮ್ಮೂರು ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ದಾರಿಯಲ್ಲಿದೆ. ಎರಡು ವರ್ಷದ ಹಿಂದೆ ಅವ್ವನ ಕೆಮ್ಮು ನೋಡಲಾಗದೆ ಒಂದು ಪ್ಯೂರಿಫೈಯರ್ ಕೊಂಡು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಊರಿಗೆ ಹೋದೆ. ಅವ್ವ ಮಲಗುವ ಕೋಣೆಯಲ್ಲಿಟ್ಟೆ. ರಾತ್ರಿಯೆಲ್ಲ ಹಸಿರು ದೀಪ. ನನಗೂ ಸುಖನಿದ್ರೆ. ಬೆಳಗಿನ ಜಾವ ಐದಕ್ಕೆ ಅದು ಇದ್ದಕ್ಕಿದ್ದಂತೆ ಕೆಂಪಗಾಗಿ ಬುಸುಗುಡಲು ಶುರುಮಾಡಿತು. ಎದ್ದು ನೋಡಿದರೆ ಅವ್ವ ಹಾಸಿಗೆಯಲ್ಲಿಲ್ಲ. ಬಚ್ಚಲು ಮನೆಯಲ್ಲಿ ಹಂಡೆಗೆ ಉರಿ ಹಾಕುತ್ತಿದ್ದಾಳೆ! "ಇದ್ಯಾಕ್ ಮಗ ಹಿಂಗ್ ಕೆಂಪಗಾಗ್ತದೆ, ನಾನ್ ಎದ್ದಿದ್ದಕ್ಕೆ ಸಿಟ್ಟಾ?" ಅಂದಳು.

ಸಿಟ್ಟಲ್ಲ. ನಿಜ ಹೇಳುತ್ತಿತ್ತು ಅಷ್ಟೆ. ಹೊಗೆ ದೆಹಲಿಯಿಂದ ಬರುತ್ತಿಲ್ಲ, ಹತ್ತು ಹೆಜ್ಜೆ ದೂರದ ಬಚ್ಚಲಿಂದ ಬರುತ್ತಿದೆ ಅಂತ.

ಅರಸೀಕೆರೆ ಸೀಮೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗಿನ ನಾಡು. ಗರಿ, ಮಟ್ಟೆ, ಸಿಪ್ಪೆ, ಚಿಪ್ಪು ಯಾವುದಕ್ಕೂ ಬರವಿಲ್ಲ, ಬಿಡಿಗಾಸೂ ಕೊಡಬೇಕಿಲ್ಲ. 2016ರಲ್ಲಿ ಉಜ್ವಲ ಯೋಜನೆ ಬಂತು, ಅಡುಗೆಮನೆಗೆ ಸಿಲಿಂಡರ್ ಬಂತು. ಆದರೆ ಸ್ನಾನದ ನೀರಿಗೆ ಗ್ಯಾಸ್ ಸುಡುವವರು ನಮ್ಮ ಕಡೆ ಯಾರಿದ್ದಾರೆ? ಹಂಡೆ ಒಲೆ ಹಾಗೇ ಉಳಿಯಿತು. ಅದರಲ್ಲೂ ಧನುರ್ಮಾಸದಲ್ಲಿ ನಾಲ್ಕು ಗಂಟೆಗೇ ಮನೆ ಮನೆಯಲ್ಲೂ ಉರಿ. ಅರೆ ಒಣಗಿದ ಸಿಪ್ಪೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಚಳಿಗಾಲದ ಆ ಹೊತ್ತಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುತ್ತೆ. ಹೊಗೆ ಮೇಲೆ ಹೋಗುವುದಿಲ್ಲ. ಕೆರೆ ಏರಿಯ ಮೇಲೆ ಬಿಳಿ ಪಟ್ಟಿಯಾಗಿ ನಿಂತಿರುತ್ತೆ. ನಾವು ಅದರ ಫೋಟೋ ತೆಗೆದು "ನಮ್ಮೂರ ಮಂಜು" ಅಂತ ಹಾಕುತ್ತೇವೆ!

ಇನ್ನು ಯಂತ್ರದ ಲೆಕ್ಕ. ಹತ್ತು ಅಡಿಗೆ ಹನ್ನೆರಡು ಅಡಿ, ಹತ್ತು ಅಡಿ ಎತ್ತರದ ಕೋಣೆ ಅಂದರೆ 1200 ಘನ ಅಡಿ, ಸುಮಾರು 34 ಘನ ಮೀಟರ್ ಗಾಳಿ. ಗಂಟೆಗೆ ಐದು ಸಲವಾದರೂ ಅದನ್ನು ಸೋಸಬೇಕು ಅಂದರೆ 170 ಘನ ಮೀಟರ್ ಸಾಮರ್ಥ್ಯ ಬೇಕು. ಡಬ್ಬದ ಮೇಲೆ ಸಿಎಡಿಆರ್ ಅಂತ ಬರೆದಿರುವುದು ಇದನ್ನೇ. ಆದರೆ ಅದು ಫ್ಯಾನ್ ಪೂರ್ತಿ ಜೋರಾಗಿ ತಿರುಗಿದಾಗಿನ ಅಂಕಿ. ಆ ಸದ್ದಿನಲ್ಲಿ ಯಾರೂ ಮಲಗುವುದಿಲ್ಲ, ನಿಧಾನಕ್ಕೆ ಇಡುತ್ತಾರೆ, ಸಾಮರ್ಥ್ಯ ಅಷ್ಟರಮಟ್ಟಿಗೆ ಇಳಿಯುತ್ತೆ. ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ 99.97 ಭಾಗ ಹಿಡಿಯುತ್ತೆ ಅನ್ನುವುದು ನಿಜ. ಆದರೆ ತನ್ನ ಮೂಲಕ ಹಾದುಹೋದ ಗಾಳಿಯಲ್ಲಿ ಮಾತ್ರ! ನಮ್ಮದು ಹಂಚಿನ ಮನೆ. ಗೋಡೆಗೂ ಮಾಡಿಗೂ ನಡುವೆ ಗುಬ್ಬಚ್ಚಿ ನುಗ್ಗುವಷ್ಟು ಸಂದಿ. ಅಲ್ಲಿ ಪ್ಯೂರಿಫೈಯರ್ ಓಡಿಸುವುದು ಕಟ್ಟೆ ಒಡೆದ ಕೆರೆಗೆ ಕೊಡದಲ್ಲಿ ನೀರು ತುಂಬಿದ ಹಾಗೆ. ಸಂದಿ ಮುಚ್ಚಿ ಅಂತೀರಾ? ಒಳಗೆ ಕೆಂಡ ಇರುವ ಮನೆಯನ್ನು ಮುಚ್ಚಬಾರದು. ಕಾರ್ಬನ್ ಮೊನಾಕ್ಸೈಡ್ ಅನ್ನು ಹೆಪಾನೂ ಹಿಡಿಯಲ್ಲ, ಅದರ ಹಿಂದಿನ ಕಪ್ಪು ಫಿಲ್ಟರೂ ಹಿಡಿಯಲ್ಲ. ಅದಕ್ಕೆ ವಾಸನೆಯೂ ಇಲ್ಲ.

ಆ ಕಪ್ಪು ಫಿಲ್ಟರ್ ವಿಷಯ ಬಂತಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ. ಅದರೊಳಗಿರುವುದು ಆಕ್ಟಿವೇಟೆಡ್ ಕಾರ್ಬನ್. ಅದಕ್ಕೆ ಬಹಳ ಮೆಚ್ಚಿನ ಕಚ್ಚಾವಸ್ತು ಯಾವುದು ಗೊತ್ತಾ? ತೆಂಗಿನ ಚಿಪ್ಪಿನ ಇದ್ದಿಲು! ನಮ್ಮಂಥ ಊರುಗಳಲ್ಲಿ ಚಿಪ್ಪನ್ನು ಗುಂಡಿಗೆ ಸುರಿದು, ಅರೆಬರೆ ಸುಟ್ಟು, ಇದ್ದಿಲು ಮಾಡಿ ಮೂಟೆ ಕಟ್ಟುತ್ತಾರೆ. ಅದು ಕಾರ್ಖಾನೆಗೆ ಹೋಗಿ, ಸುಮಾರು 900 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿಕೊಂಡು, ನೀರಿನ ಫಿಲ್ಟರಿಗೂ ಗಾಳಿಯ ಫಿಲ್ಟರಿಗೂ ಸೇರುತ್ತೆ. ಗುಂಡಿಯಲ್ಲಿ ಸುಟ್ಟ ಚಿಪ್ಪಿನ ತೂಕದಲ್ಲಿ ಇದ್ದಿಲಾಗಿ ಉಳಿಯುವುದು ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು. ಮಿಕ್ಕಿದ್ದು? ಅನಿಲ, ಡಾಂಬರು, ಹೊಗೆ. ಅದು ಲಾರಿ ಹತ್ತುವುದಿಲ್ಲ, ಊರಲ್ಲೇ ಇರುತ್ತೆ. ನಮ್ಮೂರ ಆಚೆಯೂ ಅಂಥ ಒಂದು ಗುಂಡಿ ಇದೆ. ಪಟ್ಟಣದವರ ಗಾಳಿ ಸೋಸಲು ನಮ್ಮ ಗಾಳಿ ಕೆಡಿಸಿಕೊಂಡು, ಆಮೇಲೆ ಅದೇ ಫಿಲ್ಟರನ್ನು ದುಡ್ಡು ಕೊಟ್ಟು ಊರಿಗೆ ವಾಪಸ್ ತಂದೆನಲ್ಲ ನಾನು, ನನ್ನಂಥ ಜಾಣ ಬೇರೆ ಇದ್ದಾನಾ?

ಗುಂಡಿಯಲ್ಲಿ ಕೂಲಿ ಮಾಡುವವರನ್ನು ಬೈಯುತ್ತಿಲ್ಲ. ಎಲ್ಲರಿಗಿಂತ ಮೊದಲು ಹೊಗೆ ಕುಡಿಯುವವರು ಅವರೇ. ಆ ಹೊಗೆಯನ್ನೇ ಮತ್ತೆ ಉರಿಸಿಬಿಡುವ ಮುಚ್ಚಿದ ಕುಲುಮೆಗಳಿವೆ, ಅದನ್ನು ಹಾಕಿ ಅಂತ ಕೇಳಬೇಕಾದವರು ನಾವು.

ಕೇಳುವವರಿಲ್ಲ ಯಾಕೆಂದರೆ ನಮ್ಮ ಊರುಗಳು ಲೆಕ್ಕದಲ್ಲೇ ಇಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿ ಕಾರ್ಯಕ್ರಮ ಶುರುಮಾಡಿದಾಗ ಕರ್ನಾಟಕದಿಂದ ಪಟ್ಟಿಗೆ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಹಾಸನ ಜಿಲ್ಲೆಯ ಒಂದು ಊರೂ ಇಲ್ಲ. ಇದೇ ದಾರಿಯಲ್ಲಿ ಮುಂದೆ ಹೋದರೆ ಹಳೇಬೀಡು, ಬೇಲೂರು. 1117ರ ಚೆನ್ನಕೇಶವನ ಗುಡಿ, 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು, ಹೆಮ್ಮೆಯೇ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಯಾರೂ ಏನೂ ಕಟ್ಟಬಾರದು, ಅದರಾಚೆ ಇನ್ನೂ ಇನ್ನೂರು ಮೀಟರ್ ಅನುಮತಿ ಕೇಳಬೇಕು ಅಂತ 2010ರಲ್ಲಿ ಕಾನೂನು ತಿದ್ದಿದರು. ಒಳ್ಳೇದೇ ಮಾಡಿದರು. ಆದರೆ ಶಿಲಾಬಾಲಿಕೆ ಕೆಮ್ಮುವುದಿಲ್ಲವಲ್ಲ ಸ್ವಾಮಿ? ಕೆಮ್ಮುವ ಅವ್ವಂದಿರ ಸುತ್ತ ಎಷ್ಟು ಮೀಟರ್ ಬಿಡಬೇಕು ಅಂತ ಯಾರು ಬರೆದಿದ್ದಾರೆ?

ಇದಕ್ಕೆ ಊರಲ್ಲಿ ಬರುವ ಉತ್ತರ ನನಗೆ ಗೊತ್ತು. "ನಮ್ಮಜ್ಜಿ ಹೊಗೇಲೇ ಬದುಕಿದ್ಲು, ಏನಾಯ್ತು? ಹೊಗೆ ಇದ್ರೆ ಸೊಳ್ಳೆ ಬರಲ್ಲ, ತೊಲೆಗೆ ಹುಳ ಹಿಡಿಯಲ್ಲ." ತೊಲೆಗೆ ಒಳ್ಳೇದಿರಬಹುದು, ಒಪ್ಪೋಣ. ಆದರೆ ಬೀಡಿ ಮುಟ್ಟದ ಹೆಂಗಸರಿಗೂ ಬೀಡಿ ಸೇದಿದವರ ಥರದ ಶ್ವಾಸಕೋಶದ ಕಾಯಿಲೆ ಬರುವುದಕ್ಕೆ ಒಲೆಯ ಹೊಗೆ ಒಂದು ದೊಡ್ಡ ಕಾರಣ ಅಂತ ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಅಜ್ಜಿಗೆ ಏನೂ ಆಗಲಿಲ್ಲ ಅನ್ನುತ್ತೇವಲ್ಲ, ರಾತ್ರಿಯೆಲ್ಲ ಕೂತೇ ಕಳೆಯುತ್ತಿದ್ದುದನ್ನು "ವಯಸ್ಸಾಯ್ತು" ಅಂತ ಸುಮ್ಮನಾದವರು ನಾವೇ ಅಲ್ಲವಾ?

ದೆಹಲಿಯ ಪರಿಹಾರ ನಮಗೆ ಯಾಕೆ ಒಗ್ಗುವುದಿಲ್ಲ ಅಂದರೆ ನಮ್ಮ ಹೊಗೆ ಬೇರೆ. ಪಂಜಾಬಿನಲ್ಲಿ ಭತ್ತದ ಕೂಳೆ ಸುಡುತ್ತಾರೆ. ನಮ್ಮಲ್ಲಿ ರಾಗಿ ಹುಲ್ಲು ಸುಟ್ಟರೆ ದನ ಕೇಳುತ್ತೆ! ಬಣವೆ ಒಟ್ಟಿ ಕಾಪಾಡುತ್ತೇವೆ. ನೂರಾರು ಮೈಲಿ ಆಚೆಯ ಹೊಗೆಯನ್ನು ಒಬ್ಬ ಮನುಷ್ಯ ನಿಲ್ಲಿಸಲಾರ, ಹಾಗಾಗಿ ಅಲ್ಲಿಯವರು ಬಾಗಿಲು ಹಾಕಿಕೊಂಡು ಯಂತ್ರ ಓಡಿಸುವುದು ನ್ಯಾಯ. ಬೆಂಗಳೂರಿನಲ್ಲೂ ರಸ್ತೆ ಪಕ್ಕದ ಮನೆಯಲ್ಲಿ ಆಸ್ತಮಾ ಇರುವ ಮಗು ಇದ್ದರೆ ಖಂಡಿತ ಇಡಿ. ನಮ್ಮೂರಿನ ಹೊಗೆಯ ಕಡ್ಡಿಪೆಟ್ಟಿಗೆ ಮಾತ್ರ ನಮ್ಮ ಕೈಯಲ್ಲೇ ಇದೆ.

ಹಾಗಾದರೆ ಏನು ಮಾಡೋದು? ಮೊದಲು ಹಂಡೆ ಒಲೆಗೆ ಒಂದು ಹೊಗೆಕೊಳವೆ. ಇದೇನೂ ಹೊಸದಲ್ಲ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಶುರುಮಾಡಿದರು, ಅಲ್ಲಿಂದ ಕಡಿಮೆ ಸೌದೆಯ, ಹೊಗೆ ಹೊರಗೆ ಹೋಗುವ ಅಸ್ತ್ರ ಒಲೆ ಬಂತು. ನಮಗೆ ಅದು ಮರೆತೇಹೋಯಿತು. ಕೊಳವೆ ಹಾಕಿದರೆ ಹೊಗೆ ಮಾಯವಾಗುವುದಿಲ್ಲ, ಪಕ್ಕದ ಮನೆ ಮಾಡಿನ ಮೇಲೆ ಹೋಗುತ್ತೆ, ಗೊತ್ತು. ಅದಕ್ಕೇ ಎರಡನೆಯದು, ಪ್ಯೂರಿಫೈಯರ್ ದುಡ್ಡಿಗೆ ಇನ್ನಷ್ಟು ಸೇರಿಸಿ ಸೋಲಾರ್ ವಾಟರ್ ಹೀಟರ್. ಅರಸೀಕೆರೆಯಲ್ಲಿ ನೀರಿಗೆ ಬರ ಇರಬಹುದು, ಬಿಸಿಲಿಗಿಲ್ಲ. ಮೂರನೆಯದು, ಸಿಪ್ಪೆ ಸುಡಬೇಡಿ, ತೋಟದಲ್ಲಿ ಹೂಳಿ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರದವರು ಹೇಳುತ್ತ ಬಂದಿರುವುದೂ ಇದನ್ನೇ: ಮರದ ಸಾಲಿನ ನಡುವೆ ಕಾಲುವೆ ತೆಗೆದು, ಸಿಪ್ಪೆಯ ಗುಳಿ ಮೇಲೆ ಬರುವಂತೆ ಜೋಡಿಸಿ ಮಣ್ಣು ಮುಚ್ಚಿದರೆ ಐದಾರು ವರ್ಷ ತೇವ ಹಿಡಿಯುತ್ತೆ. ಕೊಳವೆಬಾವಿ ಸಾವಿರ ಅಡಿ ಇಳಿದಿರುವ ನಾಡಿನಲ್ಲಿ ತೇವವನ್ನು ಸುಟ್ಟು ಹೊಗೆ ಕುಡಿಯುವುದು ಯಾವ ಬುದ್ಧಿ? ನಾಲ್ಕನೆಯದು, ಹಂಡೆ ಉರಿಗೆ ಪ್ಲಾಸ್ಟಿಕ್ ಕವರ್ ಹಾಕಿ ಹೊತ್ತಿಸುವುದನ್ನು ಇವತ್ತೇ ಬಿಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ನಮ್ಮ ಮನೆಗೆ ಹೋದ ವರ್ಷ ಕೊಳವೆ ಹಾಕಿಸಿದೆ. ಈಗ ಬೆಳಗ್ಗೆ ಐದಕ್ಕೆ ದೀಪ ಕೆಂಪಾಗುವುದಿಲ್ಲ, ಹಳದಿಗೆ ನಿಲ್ಲುತ್ತೆ. ಪಕ್ಕದ ಮನೆಯವರು ಉರಿ ಹಾಕಿದಾಗ ಮತ್ತೆ ಕೆಂಪು. ಅಂದರೆ ಈ ಯಂತ್ರದಿಂದ ನನಗೆ ಆದ ಉಪಯೋಗ ಇಷ್ಟೇ, ಹೊಗೆ ಎಲ್ಲಿಂದ ಬರುತ್ತೆ ಅಂತ ತೋರಿಸಿತು. ಅವ್ವ ಅದಕ್ಕೆ ಕಸೂತಿ ಬಟ್ಟೆ ಹೊದಿಸಿದ್ದಾಳೆ. ನಾನು ತೆಗೆಸಲು ಹೋಗಿಲ್ಲ.

ಈ ಸಲ ಊರಿಗೆ ಹೋಗುವಾಗ ಡಬ್ಬ ಹೊತ್ತುಕೊಂಡು ಹೋಗುವ ಮೊದಲು ಒಂದು ದಿನ ಬೆಳಗಿನ ಜಾವ ಐದಕ್ಕೆ ಎದ್ದು, ಬಚ್ಚಲು ಮನೆಯಲ್ಲಿ ಅವ್ವನ ಪಕ್ಕ ಹತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತು ಬನ್ನಿ. ಆಮೇಲೂ ಪ್ಯೂರಿಫೈಯರೇ ಬೇಕು ಅನ್ನಿಸಿದರೆ ಇಲ್ಲಿ ಬಂದು ನನ್ನನ್ನು ಬೈಯಿರಿ, ಕೇಳ್ತೀನಿ. ನೀವೇನಂತೀರಿ?